ಮೆಲುಕು ಹಾಕದ ಪ್ರಾಣಿ

ಹಾರನಹಳ್ಳಿಯ ಸುತ್ತಮುತ್ತ ಎತ್ತು ಕೊಳ್ಳಬೇಕೆಂದವರು ಒಂದು ಕಾಲದಲ್ಲಿ ಮೊದಲು ಬಂದು ನಿಲ್ಲುತ್ತಿದ್ದದ್ದು ಮಹದೇವಪ್ಪನ ಜಗಲಿಯ ಮುಂದೆ. ಚುಂಚನಕಟ್ಟೆಯ ದನದ ಜಾತ್ರೆಗೆ ಅವನನ್ನು ಬಸ್ ಚಾರ್ಜು ಕೊಟ್ಟು, ಊಟ ಹಾಕಿಸಿ ಕರೆದೊಯ್ಯುತ್ತಿದ್ದರು. ಅವನು ಎತ್ತಿನ ಸುತ್ತ ಒಂದು ಸುತ್ತು ಬಂದು, ಹಣೆಯ ಸುಳಿ ನೋಡಿ, ಬಾಯಿ ಬಿಡಿಸಿ, ಬಾಲ ಎತ್ತಿ, ಕೊನೆಗೆ ಬೆನ್ನ ಮೇಲೊಂದು ಏಟು ಹಾಕಿ ‘ಹೂಂ’ ಅಂದನೆಂದರೆ ಮುಗಿಯಿತು, ವ್ಯಾಪಾರ ಕುದುರಿದಂತೆಯೇ. ಮಹದೇವಪ್ಪನ ಕಣ್ಣು ಅಂದರೆ ಆ ಕಡೆಯ ಊರುಗಳಲ್ಲಿ ಒಂದು ಮಾತಾಗಿತ್ತು.

ಆಮೇಲೆ ಮನೆಮನೆಗೂ ಟ್ರ್ಯಾಕ್ಟರು ಬಂತು. ಟ್ರ್ಯಾಕ್ಟರಿಗೆ ಸುಳಿಯೂ ಇಲ್ಲ, ಹಲ್ಲೂ ಇಲ್ಲ. ಅದನ್ನು ಕೊಳ್ಳುವವರು ಷೋರೂಮಿಗೆ ಹೋಗುತ್ತಾರೆಯೇ ಹೊರತು ಮಹದೇವಪ್ಪನ ಜಗಲಿಗೆ ಬರುವುದಿಲ್ಲ. ಕಡೆಗೆ ಅವನ ಕೊಟ್ಟಿಗೆಯೂ ಖಾಲಿಯಾಯಿತು. ಹೊಗೆಸೊಪ್ಪಿನ ಬೇಸಾಯವನ್ನೆಲ್ಲ ಮಗ ಸಾಗರ್ ನೋಡಿಕೊಳ್ಳುತ್ತಿದ್ದ, ಮಹದೇವಪ್ಪ ಜಗಲಿಯ ಮೇಲೆ ಕೂತು ಹೋಗಿ ಬರುವವರಿಗೆ ತಲೆಯಾಡಿಸುತ್ತಿದ್ದ. ಯಾರೂ ಏನೂ ಕೇಳದೆ ದಾಟಿಹೋಗುವುದು ಮನುಷ್ಯನನ್ನು ಎಷ್ಟು ಬೇಗ ಮುದುಕನನ್ನಾಗಿಸುತ್ತದೆಂಬುದು ಹಾಗೆ ಕೂತವನಿಗೇ ಗೊತ್ತು.

ಹೀಗಿರುವಾಗ ಒಂದು ದಿನ ಸಾಗರ್ ಬಂದು, “ಅಪ್ಪ, ಒಂದು ಕುದ್ರೆ ತರಣ ಅಂತಿದೀನಿ. ಈಗ ಎಲ್ರೂ ಮದ್ವೆಲಿ ಗಂಡ್ನ ಕುದ್ರೆ ಮ್ಯಾಲೆ ಮೆರ್ಸ್ತಾರೆ. ನಮ್ ತಾಲ್ಲೂಕ್ನಲ್ಲಿ ಯಾರ್ ತಾವ್ಲೂ ಇಲ್ಲ, ಮೈಸೂರಿಂದ ತರಿಸ್ಬೇಕು. ನೀನು ಬಂದು ಒಂದ್ಸಲ ನೋಡ್ಕೊಡು,” ಅಂದ.

ಮಹದೇವಪ್ಪ ಹುಟ್ಟಿದಾರಭ್ಯ ಕುದುರೆಯ ಹತ್ತಿರ ಹೋದವನಲ್ಲ. ದೂರದಿಂದ ನೋಡಿದ್ದ, ಅಷ್ಟೆ. ಅದನ್ನು ಹೇಳಬಹುದಿತ್ತು. ಆದರೆ ‘ನೋಡ್ಕೊಡು’ ಅನ್ನುವ ಆ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಅವನು ಒಳಗೆ ಹೋಗಿ ಮಡಿಸಿಟ್ಟಿದ್ದ ಬಿಳಿ ಪಂಚೆ ತೆಗೆದ.

“ಕುದ್ರೆ ಇಚಾರ ನಿಮಗೇನ್ರೀ ಗೊತ್ತು?” ಅಂದಳು ಹೆಂಡತಿ ಜಯಲಕ್ಷ್ಮಮ್ಮ.

“ನಾಕು ಕಾಲಿರೋದೆಲ್ಲ ಒಂದೇ ಕಣೆ,” ಅಂದ ಮಹದೇವಪ್ಪ.

ಮೈಸೂರಿನ ಹೊರವಲಯದಲ್ಲಿ ಅಫ್ಸರ್ ಸಾಹೇಬರ ಲಾಯ. ಅಪ್ಪನ ಕಾಲದಿಂದ ಟಾಂಗಾ ಇಟ್ಟವರು, ಈಗ ಕುದುರೆ ಕೊಡುವ ತರುವ ವ್ಯಾಪಾರ. ಎರಡು ಕುದುರೆ ಹೊರಗೆ ತಂದು ಕಟ್ಟಿಸಿದರು. ಒಂದು ಬಿಳಿಯದು, ಗಿಡ್ಡ, ಹೊಟ್ಟೆ ಜೋತುಬಿದ್ದದ್ದು, ಹಿಂದಿನ ಒಂದು ಕಾಲನ್ನು ಗೊರಸಿನ ತುದಿಯ ಮೇಲೆ ಇಟ್ಟುಕೊಂಡು ತೂಕಡಿಸುತ್ತಿತ್ತು. ಇನ್ನೊಂದು ಕಂದು ಬಣ್ಣದ ಹೆಣ್ಣು ಕುದುರೆ. ಎತ್ತರದ ಮೈ, ಮಿರಮಿರ ಮಿಂಚುವ ಚರ್ಮ. ಕಿವಿ ನಿಗುರಿಸಿಕೊಂಡು ನಿಂತಲ್ಲಿ ನಿಲ್ಲದೆ ಕುಣಿಯುತ್ತಿತ್ತು.

“ಬಿಳೀದು ತಗೊಳ್ಳಿ ಯಜಮಾನ್ರೆ,” ಅಂದರು ಸಾಹೇಬರು. “ಮದುವೆ ಮಾಡ್ಸಿ ಮಾಡ್ಸೀನೇ ಮುದುಕಿ ಆಗಿದೆ. ಕಿವಿ ಹತ್ರ ಪಟಾಕಿ ಹೊಡೆದ್ರೂ ಅಲ್ಲಾಡಲ್ಲ. ಆ ಕೆಂಚಿ ರೇಸಲ್ಲಿ ಓಡಿದ್ದು. ಮೊದಲ ಸಲ ಇಡೋರಿಗೆ ಅದು ಬೇಡ.”

ಇಲ್ಲಿಯೇ ಮಹದೇವಪ್ಪನ ಜಾತ್ರೆಯ ಬುದ್ಧಿ ಜಾಗೃತವಾದದ್ದು. ಮಾರುವವನು ಯಾವುದನ್ನು ಹೊಗಳುತ್ತಾನೋ ಅದರಲ್ಲಿ ಐಬಿರುತ್ತದೆ, ಯಾವುದನ್ನು ಬೇಡ ಅನ್ನುತ್ತಾನೋ ಅದನ್ನು ಹೆಚ್ಚಿನ ಗಿರಾಕಿಗೆ ಇಟ್ಟುಕೊಂಡಿರುತ್ತಾನೆ. ಇದು ಅವನು ಜೀವಮಾನವೆಲ್ಲ ಕಂಡುಕೊಂಡ ಸತ್ಯ. ಮೇಲಾಗಿ, ಹಿಂಗಾಲು ಊರದೆ ನಿಂತ ಎತ್ತು ಕುಂಟು. ಅದರಲ್ಲಿ ಎರಡನೇ ಮಾತೇ ಇಲ್ಲ. ಕಿವಿ ನಿಗುರಿಸಿ ಕುಣಿಯುವ ಎತ್ತಾದರೆ ಗೇಯುವ ಎತ್ತು.

ಅವನು ಕಂದು ಕುದುರೆಯ ಹಣೆ ಸವರಿದ. ನಟ್ಟನಡುವೆ ಒಂದೇ ಒಂದು ಸುಳಿ, ಅಚ್ಚು ಹೊಯ್ದ ಹಾಗೆ. ಬಾಯಿ ಬಿಡಿಸಿದಾಗ ಮಾತ್ರ ಎದೆ ಧಸಕ್ಕೆಂದಿತು. ಎತ್ತಿಗೆ ಮುಂದಿನ ಹಲ್ಲು ಕೆಳಗಡೆ ಮಾತ್ರ. ಇದಕ್ಕೆ ಮೇಲೂ ಇತ್ತು! ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸು ಹೇಳುತ್ತಿದ್ದ ಲೆಕ್ಕವೆಲ್ಲ ಅಲ್ಲಿಗೆ ಕೈಕೊಟ್ಟಿತು. ಆದರೆ ಮಗ ಪಕ್ಕದಲ್ಲಿ ನಿಂತು ಕಾಯುತ್ತಿದ್ದ. ಮಹದೇವಪ್ಪ ಬಾಯಿ ಮುಚ್ಚಿಸಿ, “ಹೂಂ,” ಅಂದ.

“ಬಿಳೀದೇ ತಗಳಣ ಕಣಪ್ಪ,” ಎಂದು ಸಾಗರ್ ಮೆಲ್ಲಗೆ ಪಿಸುಗುಟ್ಟಿದ.

“ಸುಮ್ನಿರ್ಲಾ. ಕುಂಟು ಅದು. ಕಣ್ ಕಾಣಕಿಲ್ವಾ ನಿಂಗೆ?”

ಸಾಹೇಬರು ಏನೋ ಹೇಳಹೊರಟವರು ಮಹದೇವಪ್ಪನ ಮುಖ ನೋಡಿ ಕೆಂಚಿಯ ಹಗ್ಗ ಬಿಚ್ಚಿಸಿದರು.

ಕೆಂಚಿ ಊರಿಗೆ ಬಂದಿಳಿದಾಗ ಜನ ಮುತ್ತಿಕೊಂಡರು. ಮಹದೇವಪ್ಪ ಗತ್ತಿನಿಂದ ಸುಳಿ ತೋರಿಸಿದ. ಬಹಳ ದಿನದ ಮೇಲೆ ಜಗಲಿ ತುಂಬಿತ್ತು. ಅವನಿಗಾದ ಸಂತೋಷ ಇಷ್ಟಿಷ್ಟಲ್ಲ.

ಮಾರನೆಯ ದಿನ ಜಯಲಕ್ಷ್ಮಮ್ಮ ಕೊಟ್ಟಿಗೆಯಿಂದ ಗಾಬರಿಯಾಗಿ ಬಂದಳು. “ಏನ್ರೀ, ಇದು ಮೆಲ್ಕೇ ಹಾಕ್ತಿಲ್ವಲ್ರೀ! ಮಲ್ಗೂ ಇಲ್ಲ. ಹುಲ್ಲು ತಿಂದು ಸುಮ್ಕೆ ನಿಂತ್ಬುಟ್ಟದೆ.”

ದನ ಸಾಕಿದವರ ಮನೆಯಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಮೆಲುಕು ನಿಂತಿತೆಂದರೆ ಹೊಟ್ಟೆ ಕೆಟ್ಟಿತೆಂದೇ ಲೆಕ್ಕ. ಗಂಡ ಹೆಂಡತಿ ಹೊತ್ತುಗಟ್ಟಲೆ ಕುದುರೆಯ ದವಡೆಯನ್ನೇ ನೋಡುತ್ತ ಕೂತರು. ಅದು ಕದಲಲಿಲ್ಲ. ಕಡೆಗೆ ಮಹದೇವಪ್ಪ ಅಟ್ಟದಿಂದ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಇಳಿಸಿ, ಓಮ, ಶುಂಠಿ ಕುದಿಸಿ ಹರಳೆಣ್ಣೆ ಬೆರೆಸಿ, ಎತ್ತಿಗೆ ಎತ್ತುವ ಹಾಗೆ ಕುದುರೆಯ ಮೂತಿ ಎತ್ತಿ ಹೊಯ್ಯಲು ಹೋದ. ಮುಂದಿನದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಡೆದುಹೋಯಿತು. ಗೊಟ್ಟ ಗೋಡೆಗೆ ಬಡಿದು ಸೀಳಿತು, ಹರಳೆಣ್ಣೆ ಜಯಲಕ್ಷ್ಮಮ್ಮನ ತಲೆಯ ಮೇಲೆ ಸುರಿಯಿತು, ಮಹದೇವಪ್ಪ ನೀರಿನ ಬಾನಿಯ ಪಕ್ಕ ಬಿದ್ದು ಕೂತಿದ್ದ.

ಸಾಗರ್ ತೋಟದಲ್ಲಿದ್ದ. ಅವನಿಗೆ ತಿಳಿಯುವ ಮುಂಚೆಯೇ ಪಶು ಆಸ್ಪತ್ರೆಯ ರಮ್ಯಾ ಡಾಕ್ಟರಿಗೆ ಹೇಳಿಕಳಿಸಿದರು. ಆ ಹೆಣ್ಣುಮಗಳು ಬಂದು, ಕುದುರೆಯ ಹೊಟ್ಟೆಗೆ ಕಿವಿಗೊಟ್ಟು, ಮಹದೇವಪ್ಪ ಹೇಳಿದ್ದನ್ನೆಲ್ಲ ಕೇಳಿದಳು. ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸಿಟ್ಟಾದರೂ ಬರುತ್ತಿತ್ತು.

“ಕುದುರೆ ಮೆಲುಕು ಹಾಕಲ್ಲ ಯಜಮಾನ್ರೆ. ಅದು ಹುಟ್ಟಿದ್ದೇ ಹಾಗೆ. ನಿಂತ್ಕೊಂಡೇ ನಿದ್ದೇನೂ ಮಾಡುತ್ತೆ. ಇದು ಆರೋಗ್ಯವಾಗಿದೆ,” ಅಂದಳು. ಆಮೇಲೆ, ಹೊರಗೆ ಬೈಕೊಂದು ಸದ್ದು ಮಾಡಿದ್ದಕ್ಕೇ ಕುದುರೆ ಹಾರಿಬಿದ್ದದ್ದು ಕಂಡು, “ಆದ್ರೆ ಮದುವೆಗೆ ಕಳಿಸ್ಬೇಡಿ. ಸದ್ದಿಗೆ ಎಷ್ಟು ಬೆಚ್ಚುತ್ತೆ ನೋಡಿ. ಯಾರಿಗಾದ್ರೂ ಪೆಟ್ಟಾಗುತ್ತೆ,” ಅಂದಳು.

ಮಹದೇವಪ್ಪ ಬೇರೆ ಯಾರದೋ ವಿಷಯವೆಂಬಂತೆ ಕೇಳಿದ. “ಕೆಲ್ವು ಕುದ್ರೆ ಹಿಂದ್ಗಾಲು ಊರ್ದೆ ನಿಲ್ತವಲ್ಲವ್ವ, ಅವು ಕುಂಟು ತಾನೆ?”

“ಹಿಂದ್ಗಾಲು ತಾನೆ? ಅದು ಕುಂಟಲ್ಲ. ನಿರಾಳವಾಗಿ ನಿಂತಿದೆ ಅಂತ ಅರ್ಥ. ಅಂಥ ಸಾಧು ಕುದುರೆ ಸಿಗೋದು ಪುಣ್ಯ.”

ಡಾಕ್ಟರು ಹೋದ ಮೇಲೆ ಮಹದೇವಪ್ಪ ಕೊಟ್ಟಿಗೆಯಲ್ಲೇ ಕೂತ. ಕುಂಟೆಂದು ಬಿಟ್ಟು ಬಂದದ್ದೇ ಸರಿಯಾದ ಕುದುರೆ, ಲಕ್ಷಣವಾಗಿದೆ ಎಂದು ತಂದದ್ದೇ ಬೇಡದ್ದು. ಅವನ ಕಣ್ಣಿಗೆ ಎರಡೂ ತಿರುಗುಮುರುಗಾಗಿ ಕಂಡಿದ್ದವು. ಸಾಗರ್ ಬಂದು, “ಡಾಕ್ಟ್ರು ಏನಂದ್ರಪ್ಪ?” ಎಂದು ಕೇಳಿದಾಗ, “ಚೆನ್ನಾಗದೆ ಅಂದ್ರು,” ಅಂದುಬಿಟ್ಟ. ಅದು ಸುಳ್ಳಲ್ಲ. ಸುಳ್ಳಲ್ಲದ್ದನ್ನು ಹೇಳಿಯೂ ಮೋಸ ಮಾಡಬಹುದೆಂದು ಅವತ್ತಿನವರೆಗೆ ಅವನಿಗೂ ಗೊತ್ತಿರಲಿಲ್ಲ.

ಮೊದಲ ಕರೆ ಕಂಪಲಾಪುರದಿಂದ ಬಂತು. ಪುಟ್ಟಸ್ವಾಮಪ್ಪನ ಮಗ ಸುನೀಲ್‌ಕುಮಾರನ ಮದುವೆ. ಪುಟ್ಟಸ್ವಾಮಪ್ಪ ಹಳೆಯ ಸ್ನೇಹಿತ. ಅವನ ಎತ್ತುಗಳನ್ನೆಲ್ಲ ಆರಿಸಿಕೊಟ್ಟವನು ಮಹದೇವಪ್ಪನೇ. ಮದುವೆ ಹತ್ತಿರವಾದಂತೆಲ್ಲ ಮಹದೇವಪ್ಪನಿಗೆ ಅನ್ನ ಸೇರದಾಯಿತು. ದಿನಾ ಹೇಳಿಬಿಡೋಣವೆಂದು ಬಾಯಿ ತೆರೆಯುವನು, “ನೀರು ಕುಡಿಸಿದ್ಯಾ?” ಎಂದೇನೋ ಕೇಳಿ ಮುಚ್ಚಿಕೊಳ್ಳುವನು. ಬೆಚ್ಚದೆಯೂ ಇರಬಹುದು, ಒಂದು ಗಳಿಗೆಯ ಕೆಲಸ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮರ್ಯಾದೆ ಉಳಿಸಿಕೊಳ್ಳಲು ಹೊರಟ ಮನುಷ್ಯ ಎಂಥೆಂಥ ಸಮಾಧಾನಗಳನ್ನು ನಂಬುತ್ತಾನೆ!

ಮದುವೆಯ ಬೆಳಿಗ್ಗೆ ದೇವಸ್ಥಾನದ ಮುಂದೆ ಕೆಂಚಿಗೆ ಜರಿಯ ಜೂಲು ಹೊದಿಸಿ ನಿಲ್ಲಿಸಿದ್ದರು. ನೋಡಲು ಎರಡು ಕಣ್ಣು ಸಾಲದು. ಪೇಟ ಸುತ್ತಿದ ಸುನೀಲ್‌ಕುಮಾರ ನಗುತ್ತ ಬಂದು ಜೀನು ಹಿಡಿದು ಒಂದು ಕಾಲೆತ್ತಿದ. ಅದೇ ಹೊತ್ತಿಗೆ ತಮಟೆಯವರು ಮೊದಲ ಏಟು ಹಾಕಿದರು.

ಕುದುರೆ ಮುಂಗಾಲು ಎತ್ತಿತು. ಮದುಮಗ ಹಿಂದಕ್ಕೆ ಬಿದ್ದ, ಪೇಟ ಉರುಳಿ ಚರಂಡಿ ಸೇರಿತು. ಹೆಂಗಸರು ಮಕ್ಕಳನ್ನು ಬಾಚಿಕೊಂಡು ಓಡಿದರು. ಸಾಗರ್ ಮಾತ್ರ ಹಗ್ಗ ಬಿಡಲಿಲ್ಲ. ಕುದುರೆ ಅವನನ್ನು ಜಲ್ಲಿಯ ಮೇಲೆ ದರದರನೆ ಎಳೆಯಿತು. “ನಿಲ್ಸಿ! ಬಡಿಯೋದ ನಿಲ್ಸಿ!” ಎಂದು ಮಹದೇವಪ್ಪ ಕೂಗಿದ ಕೂಗಿಗೆ ತಮಟೆ ನಿಂತಿತು. ಸದ್ದು ನಿಂತ ಮೇಲೆ ಕುದುರೆಯೂ ನಡುಗುತ್ತ ನಿಂತಿತು. ಸಾಗರನ ಎರಡೂ ಅಂಗೈ ಸುಲಿದು ರಕ್ತ ಬರುತ್ತಿತ್ತು.

ಮದುಮಗನಿಗೆ ಸೊಂಟ ಉಳುಕಿತ್ತು, ಅಷ್ಟೆ. ಪುಟ್ಟಸ್ವಾಮಪ್ಪ ಅವನನ್ನು ಎಬ್ಬಿಸಿ ನಿಲ್ಲಿಸಿ ಬೆಂಕಿಯಾಗಿ ಬಂದ. “ಯಾವನ್ಲಾ ಈ ಕುದ್ರೆ ಆರಿಸ್ದೋನು?”

“ನಾನೇ ಕಣ್ರೀ,” ಅಂದ ಸಾಗರ್ ತಡವರಿಸದೆ. “ಅಪ್ಪ ಬ್ಯಾಡ ಬ್ಯಾಡ ಅಂತು. ನಾನೇ ಕೇಳ್ನಿಲ್ಲ.”

“ಅಂಗನ್ನು ಮತ್ತೆ! ಮನೇಲಿ ಅಂಥ ಕಣ್ಣು ಮಡೀಕಂಡು, ಅವ್ರ ಮಾತು ಕೇಳ್ದೆ ಹಿಂಗೆ ಮಾಡ್ದಲ್ಲ, ಬುದ್ಧಿ ಇಲ್ವೇನ್ಲಾ?”

ಒಂದು ಕ್ಷಣ ಮಹದೇವಪ್ಪನಿಗೆ ಹಾಯೆನಿಸಿತು. ಅದನ್ನು ಮುಚ್ಚಿಡುವುದು ಬೇಡ, ನಿಜವಾಗಿಯೂ ಹಾಯೆನಿಸಿತು. ಕಣ್ಣು ಉಳಿಯಿತು, ಹೆಸರು ಉಳಿಯಿತು. ಸುತ್ತ ನಿಂತವರೆಲ್ಲ ಅವನನ್ನು ಹಳೆಯ ಗೌರವದಿಂದಲೇ ನೋಡುತ್ತಿದ್ದರು. ಮಗ ಮಾತ್ರ ನೆಲ ನೋಡುತ್ತ ಬೈಸಿಕೊಳ್ಳುತ್ತಿದ್ದ, ಅಂಗೈಯ ರಕ್ತ ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಮಹದೇವಪ್ಪ ಆ ರಕ್ತ ನೋಡಿದ. ಈ ಹುಡುಗ ಲಾಯದಲ್ಲೇ ಸರಿಯಾದದ್ದನ್ನು ಹೇಳಿದ್ದ. ಈಗ ತಪ್ಪನ್ನೂ ತಾನೇ ಹೊರುತ್ತಿದ್ದಾನೆ.

“ಪುಟ್ಟಸ್ವಾಮಿ, ಅವನ್ನ ಬೈಬ್ಯಾಡ,” ಅಂದ. ದನಿ ಸಣ್ಣಗೆ ಬಂತು. ಮತ್ತೆ ಜೋರಾಗಿ ಹೇಳಿದ. “ಕುದ್ರೆ ಆರಿಸ್ದೋನು ನಾನು. ಅವ್ನು ಬ್ಯಾರೇದು ಅಂದ, ನಾನೇ ಬಾಯ್ಮುಚ್ಚಿಸ್ದೆ. ಡಾಕ್ಟ್ರು ಇದು ಮದ್ವೆಗೆ ಬ್ಯಾಡ ಅಂದಿದ್ರು, ಅದ್ನೂ ಇವ್ನಿಗೆ ಹೇಳ್ನಿಲ್ಲ. ನಂಗೆ ಎತ್ತು ಗೊತ್ತು. ಕುದ್ರೆ ಗೊತ್ತಿಲ್ಲ.”

ಪುಟ್ಟಸ್ವಾಮಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಗೊತ್ತಿದ್ದೂ ನನ್ ಮಗನ್ನ ಹತ್ತಿಸ್ದಾ ಮಾದೇವಪ್ಪ?” ಅಂದ. ಮದುಮಗ ಕುಂಟುತ್ತ ನಡೆದೇ ಛತ್ರಕ್ಕೆ ಹೋದ. ತಂದೆ ಮಗ ಇಬ್ಬರಿಗೂ ಊಟಕ್ಕೆ ನಿಲ್ಲಿ ಎಂದು ಯಾರೂ ಹೇಳಲಿಲ್ಲ.

ಕುದುರೆ ತಂದಿದ್ದ ಗಾಡಿ ಸಂಜೆಗೆ ಬರುವುದಿತ್ತು. ಅಲ್ಲಿ ಕಾಯುವ ಮುಖವಿಲ್ಲದೆ ಇಬ್ಬರೂ ನಡೆಸಿಕೊಂಡೇ ಹೊರಟರು. ರಸ್ತೆಯ ಪಕ್ಕದ ನಲ್ಲಿಯಲ್ಲಿ ಕೈ ತೊಳೆದುಕೊಳ್ಳುವಾಗ ಸಾಗರ್ ಕೇಳಿದ. “ನಾನು ಒಪ್ಕಂಡಿದ್ನಲ್ಲಪ್ಪ. ಇಷ್ಟ್ ದಿನದ ಹೆಸ್ರು. ನೀನ್ಯಾಕೆ ಬಾಯ್ಬುಟ್ಟೆ?”

ಮಹದೇವಪ್ಪ ತನ್ನ ಟವೆಲ್ಲು ಸೀಳಿ ಮಗನ ಅಂಗೈಗೆ ಸುತ್ತಿದ. “ನಂಗೆಲ್ಲ ಗೊತ್ತು ಅಂತ ನೀನೇ ಊರ್ಗೆಲ್ಲ ಸಾರ್ಬುಟ್ರೆ, ನಾನಿನ್ಯಾರ್ನ ಕೇಳಿ ಕಲೀಲಾ?” ಅಂದ.

ಸಾಗರ್ ಕಟ್ಟಿದ ಕೈಯಿಂದಲೇ ಮತ್ತೆ ಹಗ್ಗ ಹಿಡಿದುಕೊಂಡ.

“ಹಗ್ಗ ಇತ್ತಗ್ ಕೊಡು. ಕೈ ನೋಯ್ತದೆ ನಿಂಗೆ. ಎಲ್ಲಿ ನಿಂತ್ಕಂಡು ನಡಸ್ಬೇಕು ಯೋಳು.”

“ಹಿಂದ್ಗಡೆ ಬರ್ಬ್ಯಾಡಪ್ಪ. ಅದ್ಕೆ ನೀನು ಕಾಣ್ಬೇಕಂತೆ. ಭುಜದ ಪಕ್ದಲ್ಲಿ ಬಾ.”

ಬಾಳೆಲ್ಲ ಎತ್ತುಗಳ ಹಿಂದೆ ನಡೆದಿದ್ದ ಮಹದೇವಪ್ಪ ಮುಂದಕ್ಕೆ ಬಂದು, ಕೆಂಚಿಯ ಭುಜದ ಪಕ್ಕ ನಿಂತು, “ಇಲ್ಲೇನ್ಲಾ?” ಎಂದು ಕೇಳಿದ.

“ಇನ್ನೊಂಚೂರು ಮುಂದೆ,” ಅಂದ ಸಾಗರ್.