ಹದಿನಾರು ಅಂಗುಲದ ಕೋಲು

ಅಳಿಯ ದರ್ಜಿ ಎನ್ನುವುದೇ ಮುದುಕ ಬಡಗಿಯ ಮೈ ಉರಿಯಲು ಸಾಕಾಗಿತ್ತು. ಮಗಳ ಮದುವೆಯಾದಂದಿನಿಂದ ಅವನನ್ನು ‘ಸೂಜಿ’ ಎಂದೇ ಕರೆಯುತ್ತಿದ್ದ. ನೇರವಾಗಿ ಮಾತಾಡಿದ್ದೇ ಇಲ್ಲ. ಏನಿದ್ದರೂ ಮಗಳ ಮೂಲಕ.

ಮನೆ ಕಟ್ಟುವ ಕಡೆ ಸಾರುವೆಯಿಂದ ಬಿದ್ದು ಮುದುಕನ ಕಾಲು ಹೋಗಿ ಎರಡು ವರ್ಷವಾಗಿತ್ತು. ಗಾಲಿಕುರ್ಚಿ, ಹಿಂದಿನ ಕೋಣೆ, ಇಷ್ಟೇ ಅವನ ಲೋಕ. ಕೋಣೆಯ ಬಾಗಿಲಾಚೆ ನೆಲ ಮೂರಡಿ ಕೆಳಗಿತ್ತು. ಅಲ್ಲಿ ಮರದ ಜಗಲಿ ಕಟ್ಟಲು ಸೂಜಿ ಹೊರಟ.

“ಅವನಿಗೆ ಹೇಳು,” ಎಂದ ಮುದುಕ ಮಗಳಿಗೆ. “ಹಲಗೆ ಹೊರೋ ಜಂತೆಗಳನ್ನ ಒಂದಕ್ಕೊಂದು ನನ್ನ ಕೋಲಿನಷ್ಟೇ ದೂರಕ್ಕೆ ಕೂರಿಸ್ಬೇಕು. ಹಲಗೆ ಒಂದು ಸಲ ಬಾಗಿದ್ರೂ ಸರಿ, ಆಮೇಲೆ ಈ ಕೋಣೆಯಿಂದ ನನ್ನ ಹೆಣಾನೇ ಹೊರಗೆ ಬರೋದು.”

ಕೋಲು ಹದಿನಾರು ಅಂಗುಲದ್ದು, ನಲವತ್ತು ವರ್ಷ ಅನ್ನ ಹಾಕಿದ್ದು. ಅಳಿಯ ಹೂಂ ಎಂದು ತೆಗೆದುಕೊಂಡ. ಹಲಗೆ ಓರೆಯಾಗಿ ಹಾಕಿದರೆ ಚೆಂದ ಎಂದಳು ಮಗಳು. ಏನಾದರೂ ಮಾಡಿಕೊಳ್ಳಿ ಎಂದ ಮುದುಕ.

ವಾರವಿಡೀ ಮುಚ್ಚಿದ ಬಾಗಿಲ ಹಿಂದೆ ಕೂತು ಸುತ್ತಿಗೆಯ ಸದ್ದು ಕೇಳಿದ್ದೇ ಕೇಳಿದ್ದು, ಬೈದದ್ದೇ ಬೈದದ್ದು. “ಬಟ್ಟೆ ಹೊಲಿಯೋನು ಈಗ ಮರ ಹೊಲಿತಾನಂತೆ.” ಕೈಲಾಗದವನು ಮೈಯೆಲ್ಲ ಪರಚಿಕೊಂಡ ಹಾಗೆ.

ಎಂಟನೇ ದಿನ ಬಾಗಿಲು ತೆರೆಯಿತು. ಬಾಗಲಿ, ಕಿರುಗುಟ್ಟಲಿ ಎಂದು ಹಾರೈಸುತ್ತಲೇ ಮುದುಕ ಕುರ್ಚಿ ಉರುಳಿಸಿದ. ನಟ್ಟನಡುವೆ ನಿಂತು ಬೇಕೆಂದೇ ಮೈ ಕುಲುಕಿದ. ಜಗಲಿ ಅಲುಗಲಿಲ್ಲ. ಆಗ ಹಲಗೆಯನ್ನು ಜಂತೆಗಳಿಗೆ ಬಡಿದ ಮೊಳೆಯ ಸಾಲುಗಳು ಕಂಡವು. ಅಳಿಯನ ಕೈಯಿಂದ ಕೋಲು ಕಿತ್ತು, ಬಗ್ಗಿ ಎರಡು ಸಾಲಿನ ನಡುವೆ ಇಟ್ಟು ನೋಡಿದ. ಕೋಲು ನಾಲ್ಕಂಗುಲ ಉಳಿಯಿತು.

“ಅವನನ್ನ ಕೇಳು, ಹನ್ನೆರಡಕ್ಕೇ ಯಾಕೆ ಕೂರಿಸಿದ್ದಾನೆ, ಕಳ್ಳ,” ಎಂದ ಮಗಳಿಗೆ.

“ಹಲಗೆ ಓರೆ ಇದೆ ಮಾವ,” ಎಂದ ಅಳಿಯ. “ಓರೆಗೆ ಕತ್ತರಿಸಿದ ಬಟ್ಟೆ ಜೋಲುತ್ತೆ, ಹೊಲಿಗೆ ಹತ್ತಿರ ಬೀಳ್ಬೇಕು. ಇದೂ ಹಾಗೇ. ನಿಮ್ಮ ಕೋಲು ನೇರ ಹಲಗೆಗೆ.”

ಮುದುಕ ಕೋಲನ್ನು ಹಲಗೆಯ ಓರೆಗೆ ತಿರುಗಿಸಿ ಇಟ್ಟ. ಓರೆ ಹಲಗೆ ಜಂತೆಯಿಂದ ಜಂತೆಗೆ ಹೆಚ್ಚು ದೂರ ಹಾಯಬೇಕು, ನಡುವೆ ಬಾಗುತ್ತದೆ. ಬದುಕಿಡೀ ನೇರ ಹಲಗೆಯನ್ನೇ ಹಾಕಿದವನಿಗೆ ಇದು ಹೊಳೆದೇ ಇರಲಿಲ್ಲ. ತನ್ನ ಮಾತಿನಂತೆ ಕಟ್ಟಿದ್ದರೆ ಹಲಗೆ ಬಾಗುತ್ತಿತ್ತು, ತಾನು ಒಳಗೇ ಸಾಯುತ್ತಿದ್ದ.

“ಮೊದ್ಲೇ ಯಾಕೆ ಬೊಗಳ್ಲಿಲ್ಲ?” ಮೊದಲ ಸಲ ಅಳಿಯನನ್ನೇ ನೋಡಿ ಕೇಳಿದ.

“ಕೋಲು ತಪ್ಪು ಅಂದಿದ್ರೆ ಹೊರಗೆ ಬರ್ತಿದ್ರಾ? ನಿಮ್ಮ ಮೇಲಿನ ಪ್ರೀತಿಗೆ ಕಟ್ಟಿದ್ದಲ್ಲ ಇದು. ನಿಮ್ಮನ್ನ ಕಂಡ್ರೆ ನನಗೂ ಅಷ್ಟಕ್ಕಷ್ಟೇ. ಎರಡು ವರ್ಷದಿಂದ ನಿಮ್ಮ ಆರೈಕೆ ಅಂತ ಇವಳೂ ಆ ಕೋಣೇಲೇ ಇದ್ದಾಳೆ.”

ಮಗಳು ಜಗಲಿಯಂಚಿನ ಕಟಕಟೆ ಹಿಡಿದು, ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೆ ಒಡ್ಡಿದ್ದಳು. ಅವಳ ತಲೆ ನರೆತದ್ದು ಒಳಗಿನ ಮಬ್ಬಿನಲ್ಲಿ ಅವನಿಗೆ ಕಂಡೇ ಇರಲಿಲ್ಲ. ಮುದುಕನಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು.

“ಕಟಕಟೆ ಅರ್ಧ ಅಂಗುಲ ಸೊಟ್ಟ ಇದೆ,” ಎಂದ ಅಳಿಯನಿಗೆ. ಕುರ್ಚಿಯನ್ನು ಮಾತ್ರ ಒಳಕ್ಕೆ ತಿರುಗಿಸಲಿಲ್ಲ.