ಒಂಟೆಗೆ ಹೊಸ ಸೀಟು

ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ನಾನು ಬೈಕಿನ ಚೈನು ತಿಕ್ಕುತ್ತಿದ್ದೆ. ಎಡಗೈಯಿಂದ ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸುವುದು, ಬಲಗೈಯಿಂದ ಒಂದೊಂದೇ ಕೊಂಡಿ ಉಜ್ಜುವುದು, ಕೆಳಗಿಟ್ಟ ತಗಡಿನ ತಟ್ಟೆಗೆ ಕಪ್ಪು ಎಣ್ಣೆ ತೊಟ್ಟಿಕ್ಕುವುದನ್ನು ನೋಡುವುದು. ಅಂಗಳದ ಇನ್ನೊಂದು ಮೂಲೆಯಲ್ಲಿ ಅಪ್ಪ ಯಾರದೋ ಸೋಫಾಗೆ ಬಟ್ಟೆ ಬಿಗಿಯುತ್ತಿದ್ದರು. ಅಮ್ಮ ಬಾಗಿಲಲ್ಲಿ ಕೂತು, ಆ ಸೋಫಾದಿಂದ ಕಿತ್ತ ಹತ್ತಿಯ ಗಂಟು ಬಿಡಿಸುತ್ತಿದ್ದಳು. ಯಾರೂ ಮಾತಾಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕೆಲಸದ ಹೊತ್ತಿಗೆ ಮಾತಿಲ್ಲ. ಕಾರಣ ಅಪ್ಪನ ಬಾಯಿ. ಸೋಫಾ, ಕುರ್ಚಿ, ಬಂಡಿಗಳ ಸೀಟು, ಎಲ್ಲಕ್ಕೂ ಮೆತ್ತೆ ಕಟ್ಟುವುದು ಅವರ ಕಸುಬು. ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಿ, ಸುತ್ತಿಗೆಯ ಆಯಸ್ಕಾಂತದ ಮೂತಿಗೆ ಕಚ್ಚಿಸಿ ಹೊಡೆಯುತ್ತಾರೆ. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರಿಂದ ಹೊರಡುವುದು ಎರಡೇ ಮಾತು. ಹ್ಞೂಂ ಅಂದರೆ ಹೌದು, ಹ್ಞೂಂಹ್ಞೂಂ ಅಂದರೆ ಇಲ್ಲ.

"ಮದುವೆಗೆ ಒಪ್ಕೊಂಡಾಗ್ಲೂ ಹ್ಞೂಂ ಅಂದಿದ್ದಷ್ಟೇ," ಎನ್ನುತ್ತಾಳೆ ಅಮ್ಮ. "ಬಾಯಲ್ಲಿ ಮೊಳೆ ಇತ್ತೋ ಏನೋ, ನಾನು ನೋಡ್ಲೇ ಇಲ್ಲ."

ನನಗೆ ಈ ಪದ್ಧತಿ ಒಗ್ಗಿಹೋಗಿತ್ತು. ಶಾಲೆಯಲ್ಲಿ ಎದ್ದು ನಿಂತು ಓದು ಅಂದರೆ ಪುಸ್ತಕ ಮುಚ್ಚಿ ಕೂತುಬಿಡುತ್ತಿದ್ದೆ. ಎಂಟನೆಯ ತರಗತಿಗೇ ಬಿಟ್ಟು ಬಂದು ಅಪ್ಪನ ಜೊತೆ ರೆಕ್ಸಿನ್ ಕತ್ತರಿಸಲು ಕೂತೆ. ಬೈಕಿನ ಸಹವಾಸವೂ ಹಿಡಿಸಿದ್ದು ಹಾಗೆಯೇ. ಚೈನು ಸಡಿಲವಾದರೆ ಅದು ಟಕಟಕ ಅನ್ನುತ್ತದೆ, ಗಾಳಿಯ ಫಿಲ್ಟರಿಗೆ ಧೂಳು ಕಟ್ಟಿದರೆ ಏರಿನಲ್ಲಿ ಕೆಮ್ಮುತ್ತದೆ. ಕೇಳಿಸಿಕೊಂಡು ಮಾಡಿದರಾಯಿತು, ಉತ್ತರ ಕೊಡಬೇಕಿಲ್ಲ.

ಬೈಕು ಅಣ್ಣನದು. ಗುಡ್ಡ, ಕಲ್ಲುದಾರಿ, ಹಳ್ಳ ಹತ್ತಿಳಿಯಲೆಂದೇ ಮಾಡಿದ ಸಣ್ಣ ಅಡ್ವೆಂಚರ್ ಬೈಕು. ಎಂಜಿನ್ ಸಣ್ಣದು, ಆದರೆ ಕಾಲು ಉದ್ದ. ಅಮ್ಮ ಅದಕ್ಕೆ ಒಂಟೆ ಎಂದು ಹೆಸರಿಟ್ಟಿದ್ದಳು. ಅಣ್ಣ ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು. ವಾರವೆಲ್ಲ ಕಂಪನಿಯ ವ್ಯಾನಿನಲ್ಲಿ ಓಡಾಟ, ರಜೆಯ ದಿನ ಮಾತ್ರ ಒಂಟೆಯೇರಿ ಗುಡ್ಡಕ್ಕೆ ಹೋಗಿ ಅದರ ಮೈತುಂಬ ಕೆಸರು ಮಾಡಿಕೊಂಡು ಬರುತ್ತಾನೆ. ಕೊಳೆ ಮಾಡುವುದು ಅವನು, ತೊಳೆಯುವುದು ನಾನು. ಮೊದಮೊದಲು ಅವನು ಬಿಚ್ಚುವುದನ್ನು ನೋಡುತ್ತ ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ಆಮೇಲೆ, ಅವನು ಅವಸರದಲ್ಲಿ ಕಟ್ಟಿದ್ದನ್ನು ಅವನಿಲ್ಲದಾಗ ಬಿಚ್ಚಿ ಸರಿಯಾಗಿ ಕಟ್ಟತೊಡಗಿದೆ. ಈಗ ಅವನು ಸಾಮಾನು ತಂದಿಟ್ಟು ಹೋಗುತ್ತಾನೆ, ನಾನು ಹಾಕುತ್ತೇನೆ. ಎಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ದಪ್ಪ ತಗಡು ಹಾಕಿದ್ದು ನಾನು. ಹಿಂದೆ ಚೀಲ ಕಟ್ಟಲು ಕ್ಯಾರಿಯರ್ ಕೂರಿಸಿದ್ದೂ ನಾನೇ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎನ್ನುವುದು ಪ್ರತಿ ಪೊಟ್ಟಣ ಬಂದಾಗಲೂ ಅಮ್ಮ ಹಾಡುವ ರಾಗ.

ನನಗೊಂದೇ ಆಸೆ ಇತ್ತು. ಅದನ್ನು ನಾನೂ ಬೀದಿಗಿಳಿಸಿ ಓಡಿಸಬೇಕು. ಪಕ್ಕದ ಮನೆಯ ದರ್ಜಿ ಅಕ್ಕನ ಕುಳ್ಳ ಬೈಕಿನಲ್ಲಿ ಕಲಿತು ಲೈಸೆನ್ಸ್ ಕೂಡ ತೆಗೆದಿದ್ದೆ. ಆದರೆ ಒಂಟೆಯ ಮೇಲೆ ಕೂತರೆ ನನ್ನ ಎರಡೂ ಕಾಲು ಗಾಳಿಯಲ್ಲಿ ಜೋತಾಡುತ್ತಿದ್ದವು. ಒಂದು ಕಡೆ ವಾಲಿದರೆ ಹೆಬ್ಬೆರಳು ನೆಲ ಸವರುತ್ತಿತ್ತು, ಅಷ್ಟೇ. ಒಮ್ಮೆ ಹಾಗೆ ವಾಲಿ ನಾನೂ ಬೈಕೂ ಅಪ್ಪನ ಸ್ಪಂಜಿನ ರಾಶಿಯ ಮೇಲೆ ಬಿದ್ದಿದ್ದೆವು. ಅಣ್ಣನ ಹತ್ತಿರ ಆಸೆಯನ್ನೂ ಹೇಳಲಿಲ್ಲ, ಬಿದ್ದದ್ದನ್ನೂ ಹೇಳಲಿಲ್ಲ.

ಈಗ ಆ ಆಸೆಗೆ ಕಲ್ಲು ಬೀಳುವ ಕಾಲ ಬಂದಿತ್ತು. ಅಣ್ಣ ಹಿಂದಿನ ಚಕ್ರಕ್ಕೆ ಹೊಸ ಶಾಕ್ ಅಬ್ಸಾರ್ಬರ್ ತಂದಿದ್ದ, ಹಳೆಯದಕ್ಕಿಂತ ಉದ್ದದ್ದು. ಅದು ಕೂತರೆ ಒಂಟೆ ಇನ್ನೂ ಎರಡು ಬೆರಳು ಮೇಲೇಳುತ್ತದೆ. ಆಮೇಲೆ ನನಗೆ ಹೆಬ್ಬೆರಳೂ ಇಲ್ಲ. ರಜೆಯ ದಿನ ಇಬ್ಬರೂ ಸೇರಿ ಹಾಕೋಣ ಎಂದು ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೆಲಸಕ್ಕೆ ಹೊರಡುವಾಗ ಅಪ್ಪನಿಗೂ ಒಂದು ಮಾತು ಹೇಳಿದ.

"ಅಪ್ಪಾ, ಸೀಟು ಕಲ್ಲಾಗಿದೆ. ಕೂತ್ರೆ ಸೊಂಟ ಬಿದ್ದೋಗತ್ತೆ. ಒಂಚೂರು ಸರಿ ಮಾಡಿಡಿ."

"ಹ್ಞೂಂ," ಎಂದಿದ್ದರು ಅಪ್ಪ.

ನಾನು ಚೈನಿಗೆ ಎಣ್ಣೆ ಬಿಟ್ಟು, ಒರೆಸಿ, ಕೈ ತೊಳೆದು ಬರುವಷ್ಟರಲ್ಲಿ ಅಪ್ಪ ಸೋಫಾ ಮುಗಿಸಿ ಒಂಟೆಯ ಪಕ್ಕ ನಿಂತಿದ್ದರು. ಕೂರುವವರನ್ನು ಕೂರಿಸಿ ನೋಡದೆ ಅವರು ಸ್ಪಂಜಿಗೆ ಚಾಕು ಹಾಕುವವರಲ್ಲ. ಮುರುಕು ಸೋಫಾ ತಂದವರನ್ನೂ ಅದೇ ಮುರುಕಿನ ಮೇಲೆ ಕೂರಿಸಿ, ಮೊಣಕಾಲಿನ ಹಿಂದೆ ಕೋಲು ಹಿಡಿದು ನೋಡುತ್ತಾರೆ. ಈಗ ಆ ಕೋಲಿನಿಂದ ನನ್ನ ಮೊಣಕಾಲು ತಟ್ಟಿ ಸೀಟು ತೋರಿಸಿದರು. ಹತ್ತು ಅಂತ.

ಹತ್ತಿದೆ. ಭಾರಕ್ಕೆ ಸ್ಪಂಜು ಎಷ್ಟು ಕುಗ್ಗುತ್ತದೆಂದು ನೋಡುತ್ತಿದ್ದಾರೆ ಅಂದುಕೊಂಡೆ. ಅವರು ನನ್ನ ಅಂಗಾಲಿನಿಂದ ನೆಲದವರೆಗೆ ಕೋಲು ಹಿಡಿದು ತಲೆಯಲ್ಲಾಡಿಸಿದರು. ನನ್ನ ತೊಡೆ ಸೀಟಿನ ಅಂಚಿಗೆ ಒತ್ತುವ ಕಡೆ, ಎರಡೂ ಬದಿಗೆ, ಸೀಮೆಸುಣ್ಣದ ಗೆರೆ ಎಳೆದರು. ಆಗ ಅನುಮಾನ ಬಂತು.

"ಅಪ್ಪಾ, ಇದು..." ಎಂದೆ.

ಅವರು ಹುಬ್ಬೇರಿಸಿ ನೋಡಿದರು. ಬಾಯಿಗೆ ಆಗಲೇ ಮೊಳೆ ಬಿದ್ದಿತ್ತು. ಬೈಕಿನ ಸೀಟಿಗೆ ಮೊಳೆ ಬೇಕಿಲ್ಲ, ಪಿನ್ನು ಹೊಡೆದರೆ ಸಾಕು. ಆದರೆ ಬಾಯಿ ಖಾಲಿಯಿದ್ದರೆ ಅವರಿಗೆ ಕೈ ಓಡುವುದಿಲ್ಲ. ಅವರು ಕೇಳಲಾರರು, ನಾನು ಹೇಳಲಾರೆ. "ಏನಿಲ್ಲ," ಎಂದು ಇಳಿದೆ.

ಅಪ್ಪ ಹಳೆಯ ಹೊದಿಕೆ ಕಿತ್ತು, ಉದ್ದನೆಯ ಚಾಕುವಿನಿಂದ ಸ್ಪಂಜನ್ನು ನಾಲ್ಕು ಬೆರಳು ತಗ್ಗಿಸಿದರು. ಅಂಚುಗಳನ್ನು ಸಣ್ಣ ಮಾಡಿ ಮೇಲೊಂದು ಮೆತ್ತನೆಯ ಪದರ ಅಂಟಿಸಿದರು. ಹೊದಿಕೆ ಹೊಲಿದವಳು ನಾನು. ಕೂರಿಸಿದ ಮೇಲೆ ಮೆಲ್ಲಗೆ ಹತ್ತಿ ನೋಡಿದೆ. ಎರಡೂ ಪಾದಗಳ ಮುಂಭಾಗ ನೆಲಕ್ಕೆ ಊರಿತು. ಒಂಟೆ ಅಲುಗಾಡಲಿಲ್ಲ. ಅಪ್ಪ ನನ್ನ ಕಾಲು ನೋಡಿ "ಹ್ಞೂಂ" ಎಂದು, ಬೇರೆ ಕುರ್ಚಿ ಎಳೆದುಕೊಂಡರು. ಅವತ್ತು ನಾನು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತ ಬೈಕಿನ ಸುತ್ತಲೇ ಇದ್ದೆ.

ರಜೆಯ ದಿನ ಬೆಳಿಗ್ಗೆ ಅಣ್ಣ ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದ.

"ಆಹಾ, ಮದುಮಗಳ ಥರ ಇದೆಯಲ್ಲೇ!" ಎಂದು ಸೀಟು ಸವರಿ, ಲೋಟ ನನ್ನ ಕೈಗೆ ಕೊಟ್ಟು ಹತ್ತಿ ಕೂತ. ಕಾಲು ಎತ್ತಿ ಫುಟ್‌ರೆಸ್ಟಿನ ಮೇಲಿಟ್ಟ. ಮಗುವಿನ ಮೂರು ಗಾಲಿಯ ಸೈಕಲ್ಲಿನ ಮೇಲೆ ಸೋದರಮಾವ ಕೂತ ಹಾಗಿತ್ತು.

"ಇದೇನಪ್ಪಾ ಇದು? ಒಂಟೆ ಬಿಟ್ಟು ಹೋದ್ರೆ ಕತ್ತೆ ಮಾಡಿಟ್ಟಿದ್ದೀರ!"

"ಹ್ಞೂಂಹ್ಞೂಂ," ಎಂದರು ಅಪ್ಪ, ಕುರ್ಚಿಯಿಂದ ತಲೆಯೆತ್ತದೆ.

"ಏನ್ ಹ್ಞೂಂಹ್ಞೂಂ? ಮೊಣಕಾಲು ಕಿವಿಗೆ ತಾಗ್ತಿದೆ, ನೋಡಿ ಇಲ್ಲಿ!"

ಅಪ್ಪ ಮೊಳೆಗಳನ್ನು ಅಂಗೈಗೆ ಉಗುಳಿದರು. ಇದು ಹಬ್ಬಕ್ಕೋ ಹುಣ್ಣಿಮೆಗೋ ಆಗುವ ಸಂಗತಿ. ಅಮ್ಮ ಹತ್ತಿ ಬಿಟ್ಟು ಎದ್ದು ಬಂದಳು.

"ಅಳತೆ ಕೊಟ್ಟೋಳು ಇವಳು. ನಿಂಗ್ಯಾಕೆ ಸರಿಹೋಗತ್ತೆ ಅದು?"

"ಇವಳ್ಯಾಕೆ ಅಳತೆ ಕೊಡ್ಬೇಕು? ಗಾಡಿ ನಂದಲ್ವಾ?"

ಅಪ್ಪ ನಿಜವಾಗಿಯೂ ಬೆರಗಾದರು. "ನಿಂದಾ? ದಿನಾ ಅದರ ಮುಂದೆ ಕೂತಿರೋಳು ಇವಳು. ಬಿಚ್ಚೋಳು ಇವಳು, ಕಟ್ಟೋಳು ಇವಳು. ನೀನೇನೋ ವಾರಕ್ಕೊಂದ್ಸಲ ಎರವಲು ತಗೊಂಡು ಹೋಗ್ತೀಯ ಅಂದ್ಕೊಂಡಿದ್ದೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಣ್ಣ ನನ್ನ ಕಡೆ ತಿರುಗಿದ.

"ನೀನಾದ್ರೂ ಹೇಳ್ಬಾರ್ದಾಗಿತ್ತೇನೇ? ನೀನೂ ಬಾಯಲ್ಲಿ ಮೊಳೆ ಇಟ್ಕೊಂಡಿದ್ಯಾ?"

ನಾನು ಕಾಫಿ ಲೋಟವನ್ನು ಅವನ ಮುಂದೆ ಹಿಡಿದೆ. ಅವನು ಮುಟ್ಟಲಿಲ್ಲ.

"ಹೋಗ್ಲಿ, ಹಳೇ ಸ್ಪಂಜು ಎಲ್ಲಿ?"

"ಚೂರು ಮಾಡಿ ದಿಂಬಿಗೆ ತುಂಬಾಯ್ತು," ಎಂದಳು ಅಮ್ಮ. "ನಿನ್ನೆ ನೀನೇ ಅದರ ಮೇಲೆ ಮಲಗಿದ್ದು."

ಅಣ್ಣ ನಿಟ್ಟುಸಿರು ಬಿಟ್ಟು ಇಳಿದ. "ಸರಿ, ಆ ಪೆಟ್ಟಿಗೆ ಕೊಡು. ಹೊಸ ಶಾಕ್ ಹಾಕಿದ್ರೆ ಎರಡು ಬೆರಳಾದ್ರೂ ಮೇಲೇಳತ್ತೆ."

ನಾನು ಲೋಟ ಕೆಳಗಿಟ್ಟು ಪೆಟ್ಟಿಗೆ ತಂದೆ. ಅವನು ಕೈ ಚಾಚಿದ. ಕೊಡಲು ಕೈ ಬರಲಿಲ್ಲ.

"ಕೊಡೇ."

"ಬೇಡ."

"ಏನ್ ಬೇಡ?"

"ಇದು ಹಾಕಿದ್ರೆ ನನ್ ಕಾಲು ಎಟುಕಲ್ಲ."

"ನಿನ್ ಕಾಲು ಯಾಕೆ ಎಟುಕ್ಬೇಕು?"

"ಓಡ್ಸೋಕೆ."

ಅಂದೇಬಿಟ್ಟಿದ್ದೆ. ಕೈಲಿದ್ದ ಪೆಟ್ಟಿಗೆ ತಟ್ಟನೆ ಭಾರ ಅನ್ನಿಸಿತು. ಅಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಯಾರೋ ಹೊಸಬರನ್ನು ನೋಡಿದ ಹಾಗೆ.

"ಯಾವಾಗಿಂದ ಈ ಯೋಚನೆ?"

"ಗಾಡಿ ಮನೆಗೆ ಬಂದಾಗಿಂದ."

"ಬಾಯಿ ಬಿಟ್ಟು ಕೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ?"

"ಅವಳು ಕೇಳೋಳಾ?" ಎಂದಳು ಅಮ್ಮ. "ಸ್ಪಂಜಿನ ಮೇಲೆ ಗಾಡಿ ಸಮೇತ ಬಿದ್ದೋಳು, ನಾನು ಒಳಗಿಂದ ನೋಡ್ತಿದ್ದೆ. ಅಯ್ಯೋ ಅಂತ ಕೂಡ ಅನ್ಲಿಲ್ಲ ಕಣೋ. ಎದ್ದು, ಗಾಡಿ ಎತ್ತಿ, ಮೊದ್ಲು ಗಾಡೀನೇ ಒರೆಸಿದ್ಲು."

ಅಣ್ಣ ಬೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ, "ಕೂತು ತೋರ್ಸು," ಎಂದ.

ಪೆಟ್ಟಿಗೆಯನ್ನು ಅಮ್ಮನ ಕೈಗೆ ಕೊಟ್ಟು ಹತ್ತಿ ಕೂತೆ. ಅವನು ಹಿಂದಿನಿಂದ ಕ್ಯಾರಿಯರ್ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜೋರಾಗಿ ತಳ್ಳಿದ. ನನ್ನ ಕಾಲು ಕದಲಲಿಲ್ಲ. ಮತ್ತೊಮ್ಮೆ ತಳ್ಳಿದ. ಬಗ್ಗಿ ನನ್ನ ಪಾದ ನೋಡಿದ. ಅಪ್ಪನೂ ಬಗ್ಗಿ ನೋಡಿದರು, ತಮ್ಮ ಕೆಲಸ ನೋಡಿಕೊಳ್ಳುವವರ ಹಾಗೆ.

"ವಾರವೆಲ್ಲ ಹೇಗೂ ದಂಡಕ್ಕೆ ನಿಂತಿರತ್ತೆ," ಎಂದ ಅಣ್ಣ ಕೊನೆಗೆ. "ನೀನು ಓಡ್ಸು. ರಜೆಗೆ ಮಾತ್ರ ನಂಗೆ. ಶಾಕ್ ಆ ಪೆಟ್ಟಿಗೇಲೇ ಇರ್ಲಿ, ಎಲ್ಲಿಗೂ ಓಡಿಹೋಗಲ್ಲ." ಜೇಬಿನಿಂದ ಬೀಗದ ಕೈ ತೆಗೆದು ತಾನೇ ಬೈಕಿಗೆ ಚುಚ್ಚಿದ. "ಬೀದಿ ಕೊನೇವರೆಗೆ ಹೋಗಿ ಬಾ. ತಿರುವಲ್ಲಿ ನಿಧಾನ."

ನಾನು ಸ್ಟಾರ್ಟ್ ಒತ್ತಿದೆ. ನಾನೇ ತೊಳೆದ ಫಿಲ್ಟರು, ನಾನೇ ಬದಲಿಸಿದ ಪ್ಲಗ್ಗು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು.

ಅಷ್ಟರಲ್ಲಿ ಅಣ್ಣ ಅಪ್ಪನ ಕಡೆ ತಿರುಗಿದ್ದ. "ನಂಗೊಂದು ಬೇರೆ ಸೀಟು ಮಾಡ್ಕೊಡಿ. ಎತ್ತರದ್ದು. ರಜೆ ದಿನ ಬಿಚ್ಚಿ ಹಾಕ್ಕೊಳ್ತೀನಿ."

"ಸೀಟಿನ ತಳದ ತಟ್ಟೆ ಒಂದು ಹುಡುಕ್ಕೊಂಡು ಬಾ, ಮಾಡ್ತೀನಿ. ಆದ್ರೆ ನೀನು ಅಳತೆಗೆ ಕೂರ್ಬೇಕು."

"ನನ್ ಅಳತೆ ನಿಮಗ್ ಗೊತ್ತಿಲ್ವಾ? ಹೆತ್ತ ಮಗ ನಾನು!"

"ಹೆತ್ತಿದ್ದು ನಾನು," ಎಂದಳು ಅಮ್ಮ. "ಇವರು ಹ್ಞೂಂ ಅಂದಿದ್ದಷ್ಟೇ."

"ಕೂರದೆ ಚಾಕು ಹಾಕಲ್ಲ ನಾನು," ಎಂದರು ಅಪ್ಪ. ಅವರು ಒಂದೇ ಬೆಳಿಗ್ಗೆ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಅಮ್ಮ ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಅವರಿಬ್ಬರ ನಡುವೆ ನಿಂತಳು. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ಮೂವರ ಬೆನ್ನೂ ಗೇಟಿನ ಕಡೆಗಿತ್ತು. ಗೇಟು ಹಾಕಿತ್ತು. ನಾನು ಕ್ಲಚ್ ಹಿಡಿದು, ಮೊದಲ ಗೇರಿಗೆ ಹಾಕಿ, ಎಂಜಿನ್ ಸದ್ದಿಗಿಂತ ಜೋರಾಗಿ ಕೂಗಿದೆ.

"ಅಣ್ಣಾ, ಗೇಟು ತೆಗಿ."