ಕೂಗುವ ಬಟನ್

"ನಾ ಆರಾಮ ಅದೀನಿ, ನೀವು ಮುಂದ ನಡೀರಿ," ಎಂದಳು ಅಮೆರಿಕದ ನಾರ್‌ಕ್ರಾಸ್ ಊರಿನಿಂದ, ಹೆಡ್‌ಸೆಟ್ಟಿನಲ್ಲಿ, ಅಕ್ಕ ಸಿದ್ದೇಶ್ವರಿ.

ದೂರದ ಏಪೆಕ್ಸ್ ಊರಿನ ಮನೆಯಲ್ಲಿ ಸೋಫಾದ ತುದಿಗೆ ಕೂತಿದ್ದ ತಂಗಿ ನಮ್ರತಾಗೆ ಮೈಯೆಲ್ಲ ಉರಿಯಿತು. ಆರಾಮವಂತೆ, ಆರಾಮ! ಟಿವಿಯ ಆಟದಲ್ಲಿ ಅಕ್ಕನ ಬೊಂಬೆಯ ತಲೆಯ ಮೇಲಿನ ಜೀವದ ಗೆರೆ ಹಸಿರು ಕಳೆದು, ಹಳದಿ ಕಳೆದು, ಕೆಂಪಗೆ ಕೂದಲೆಳೆಯಷ್ಟು ಉಳಿದಿತ್ತು. ಹಿಂದೆ ಜೋಂಬಿಗಳ, ಎದ್ದು ನಡೆಯುವ ಹೆಣಗಳ, ದೊಡ್ಡ ಹಿಂಡು.

"ಔಷಧಿ ಡಬ್ಬಿ ಇತ್ತಲ್ಲ ನಿನ್ನ ಹತ್ರ?"

"ಬದರಿನಾಥಗ ಕೊಟ್ಟೆ."

"ನಾನು ಮೂರು ಸಲ ಬೇಡ ಅಂದೆ ನಮ್ರತಾ!" ಆಲ್ಡಿ ಊರಿನಿಂದ ಬದರಿನಾಥನ ಮೈಸೂರು ದನಿ ಕೇಳಿತು. ಅವನು ನಮ್ರತಾಳ ಗಂಡ ಅಭಿನವನ ಕಾಲೇಜು ಗೆಳೆಯ. "ಅಕ್ಕ ಕೇಳಿದ್ರೆ ತಾನೆ? ಸಂಕ್ರಾಂತಿ ಎಳ್ಳು ಕೊಟ್ಟ ಹಾಗೆ ಕೈಗೆ ತುರುಕಿಬಿಟ್ರು."

"ನಿಮ್ಮ ಹೆಲ್ತ್ ಎಷ್ಟಿತ್ತು ಆಗ?"

"ಎಪ್ಪತ್ತು."

"ಅವಳದ್ದು ಹತ್ತು! ನಾಚಿಕೆ ಬೇಡ್ವಾ, ಬದರಿ?"

"ಅಮ್ಮಾ ತಾಯಿ, ತಪ್ಪಾಯ್ತು."

ಹೋದ ವರ್ಷ, ಭಾವ ತೀರಿಕೊಂಡ ಮೇಲೆ, ಅಕ್ಕ ಒಬ್ಬಳೇ ಇದ್ದಾಳೆಂದು ಅಭಿನವ ಈ ಆಟದ ಯಂತ್ರವನ್ನು ನಾರ್‌ಕ್ರಾಸ್‌ಗೆ ಕಳಿಸಿದ್ದ. ಐವತ್ತೆರಡರ ಫಾರ್ಮಸಿಸ್ಟ್ ಹೆಂಗಸು ಬಂದೂಕು ಹಿಡಿಯುತ್ತಾಳೆಯೇ ಎಂದು ಎಲ್ಲರೂ ನಕ್ಕಿದ್ದರು. ತಿಂಗಳೊಳಗೆ ನಾಲ್ವರಲ್ಲಿ ಅವಳದ್ದೇ ಎಲ್ಲರಿಗಿಂತ ಒಳ್ಳೆಯ ಗುರಿಯಾಯಿತು. ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ, ಕಾಫಿ ಲೋಟದ ಸಮೇತ, ಅವಳು ಒಂದು ವಾರವೂ ತಪ್ಪಿಸಿರಲಿಲ್ಲ. ಆಟವೂ ಹಾಗೇ ಇತ್ತು: ಒಬ್ಬರೇ ಬದುಕಿ ಉಳಿಯುವ ಮಾತೇ ಇಲ್ಲ. ಬಿದ್ದವರು ತಾವಾಗಿ ಏಳುವಂತಿಲ್ಲ, ಇನ್ನೊಬ್ಬರು ಓಡಿಬಂದು ಕೈಹಿಡಿದು ಎಬ್ಬಿಸಬೇಕು. ಕೂಗಿ ಕರೆಯಲು ಒಂದು ಬಟನ್ ಇತ್ತು, ಬಿದ್ದಿರಲಿ ನಿಂತಿರಲಿ. ಒತ್ತಿದರೆ ಬೊಂಬೆಯೇ ಇಂಗ್ಲಿಷಿನಲ್ಲಿ 'ಹೆಲ್ಪ್ ಮೀ' ಎಂದು ಕಿರುಚುತ್ತಿತ್ತು.

ಈಗಲೂ ಕಿರುಚಿತು. ಅಕ್ಕ ಬಿದ್ದಿದ್ದಳು. ನಮ್ರತಾ ಹಲ್ಲು ಕಚ್ಚಿ ಹಿಂದಕ್ಕೆ ಓಡಿದಳು, ನಾಲ್ಕು ಹೆಣ ಉರುಳಿಸಿ ಅಕ್ಕನನ್ನು ಎಬ್ಬಿಸಿದಳು. ನಾಲ್ವರೂ ಸುರಕ್ಷಿತ ಕೋಣೆಗೆ ನುಗ್ಗಿದರು. ಅಭಿನವ ಕಬ್ಬಿಣದ ಬಾಗಿಲು ಹಾಕಿದ. ಒಳಗೆ ಇದ್ದ ಡಬ್ಬಿಗಳಿಂದ ಎಲ್ಲರ ಗೆರೆಯೂ ಮತ್ತೆ ಹಸಿರಾಯಿತು.

"ಹೋದ ವಾರದಿಂದ ನಿನ್ನ ಗುರಿಗೆ ಏನಾಗೇತಿ? ಕಣ್ಣು ಮುಚ್ಚಿ ಹೊಡಿಯಾಕತ್ತಿ ಏನು?"

"ವಯಸ್ಸಾತು, ನಮ್ಮು."

"ಅದಲ್ಲ," ಎಂದ ಪಕ್ಕದಲ್ಲೇ ಕೂತಿದ್ದ ಅಭಿನವ, ಮೈಕು ಮುಚ್ಚಿ, ಹೆಂಡತಿಗೆ ಮಾತ್ರ ಕೇಳುವಂತೆ. "ಆಗಿನಿಂದ ನೋಡ್ತಿದ್ದೀನಿ. ನಡೀವಾಗ ಅಕ್ಕ ಶೂಟ್ ಮಾಡಲ್ಲ, ಶೂಟ್ ಮಾಡೋವಾಗ ನಡೆಯಲ್ಲ. ಒಂದು ನಿಲ್ಲಿಸಿ ಇನ್ನೊಂದು."

ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎಡಭಾಗ ನಡೆಯುವುದಕ್ಕೆ, ಬಲಭಾಗ ಗುರಿ ಹಿಡಿದು ಹೊಡೆಯುವುದಕ್ಕೆ. ಎರಡಕ್ಕೂ ಎರಡು ಕೈ ಬೇಕು.

"ಅಕ್ಕಾ, ಬಲಗೈಗೆ ಏನಾಗೇತಿ?"

ಟಿವಿಯಲ್ಲಿ ಅಕ್ಕನ ಬೊಂಬೆ ಗೋಡೆಯ ಕಡೆ ತಿರುಗಿತು.

"ಅಕ್ಕಾ."

"ಏನಿಲ್ಲ. ಅವತ್ತು ಐಸ್ ಬಿತ್ತಲ್ಲ, ಎರಡು ವಾರದ ಹಿಂದ. ಮನಿ ಮುಂದಿನ ಡ್ರೈವ್‌ವೇದಾಗ ಕಾಲು ಜಾರಿತು. ಮಣಿಕಟ್ಟು ಮುರದೇತಿ. ಪ್ಲಾಸ್ಟರ್ ಹಾಕ್ಯಾರ."

"ಎರಡು ವಾರ! ಯಾರು ಎಬ್ಬಿಸಿದ್ರು?"

"ಎದುರು ಮನಿಯಾವ ನಾಯಿ ತಿರುಗಸಾಕ ಬಂದಿದ್ದ. ಅರ್ಧ ತಾಸಿನ ಮ್ಯಾಲ."

"ಅರ್ಧ ತಾಸು ಐಸಿನ ಮ್ಯಾಲ ಬಿದ್ದಿದ್ದಿಯೇನು? ಫೋನ್ ಎಲ್ಲಿತ್ತು?"

"ಕೋಟಿನ ಕಿಸೆದಾಗ."

ನಮ್ರತಾ ಎದ್ದು ನಿಂತಳು. ಕಾಫಿ ಲೋಟ ಉರುಳಿ ಕಾರ್ಪೆಟ್ಟಿಗೆ ಚೆಲ್ಲಿತು. ಯಾರೂ ಅತ್ತ ನೋಡಲಿಲ್ಲ.

"ನಿನ್ನ ಗೆಳತಿ ಶೈಲಜಾ ಹತ್ತು ನಿಮಿಷದ ದಾರಿಯಾಗ ಅದಾಳ!"

"ಆ ಐಸಿನಾಗ ಆಕೀಗೆ ಯಾಕ ತ್ರಾಸ?"

"ನನಗ?"

"ನಿನಗ ಆಫೀಸು."

"ನಾನು ಮ್ಯೂಟ್ ಮಾಡ್ಕೊಳ್ಳಲಾ?" ಎಂದ ಬದರಿನಾಥ ಮೆಲ್ಲಗೆ.

"ಸುಮ್ನೆ ಕೂತ್ಕೊಳ್ಳಿ. ಡಬ್ಬಿ ಕಸಿದುಕೊಂಡವರು ನೀವು," ಎಂದು ಅವನ ಮೇಲೆ ಹಾರಿದ ನಮ್ರತಾ ಅದೇ ಬಿಸಿಯಲ್ಲಿ ಅಕ್ಕನ ಕಡೆ ತಿರುಗಿದಳು. "ಇಲ್ಲಿ ಒಂದು ಹೆಣ ಮೈ ಮುಟ್ಟಿದ್ರ ಹತ್ತು ಸಲ ಬಟನ್ ಒತ್ತಿ ಕೂಗ್ತಿ. ಅಲ್ಲಿ ಖರೇನ ಕೈ ಮುರಕೊಂಡು ಬಾಯಿ ಹೊಲಕೊಂಡು ಬಿದ್ದಿದ್ದಿ. ಏನು ತಿಳಕೊಂಡೀ ನನ್ನ?"

"ಇಲ್ಲಿ ಕೂಗಿದ್ರ ಯಾರೂ ರಜಾ ಹಾಕಬೇಕಾಗಂಗಿಲ್ಲ, ನಮ್ಮು." ಅಕ್ಕನ ದನಿ ಒಂದಿಷ್ಟೂ ಏರಲಿಲ್ಲ. ನಮ್ರತಾಗೆ ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಓಡಿ ಬರ್ತೀರಿ, ಎಬ್ಬಸ್ತೀರಿ, ಮುಗೀತು. ಯಾರ ಹಂಗೂ ಇರಂಗಿಲ್ಲ. ಅದಕ್ಕ ನನಗ ಈ ಆಟ ಅಂದ್ರ ಜೀವ. ಒಂದ ಕೈಲೆ ಆದ್ರೂ ಕುಂತೇನಿ ನೋಡು."

"ನಾ ಯಾವಾಗ ಹಂಗು ಆಡಿ ತೋರಿಸೀನಿ? ಹೇಳು!"

"ಬ್ಯಾಡ ಬಿಡು."

"ಹೇಳಬೇಕು!"

"ನನ್ನ ಪಿತ್ತಕೋಶದ ಆಪರೇಷನ್ನಿಗೆ ಬಂದಿದ್ದಿಯಲ್ಲ. ನಾಲ್ಕನೇ ದಿವಸ ಅಡಿಗಿ ಮನ್ಯಾಗ ನಿಂತು ಮ್ಯಾನೇಜರ್‌ಗೆ ಫೋನ್ ಮಾಡಿದಿ. 'ಏನ್ ಮಾಡ್ಲಿ, ಐಯಾಮ್ ಸ್ಟಕ್ ಹಿಯರ್' ಅಂದಿ, ಸಿಕ್ಕಿಹಾಕ್ಕೊಂಡವರಂಗ. ನಾ ನೀರು ಕುಡಿಯಾಕ ಎದ್ದಿದ್ದೆ."

ನಮ್ರತಾಗೆ ನೆನಪಿತ್ತು. ಸಿಂಕಿನ ಪಕ್ಕ ನಿಂತು, ಗಂಜಿ ಪಾತ್ರೆ ಉಜ್ಜುತ್ತಾ, ಭುಜಕ್ಕೆ ಫೋನ್ ಒತ್ತಿ ಹಿಡಿದು ಹೇಳಿದ ಮಾತು. ಹೇಳಿದ ಮರುಕ್ಷಣವೇ ಮರೆತಿದ್ದಳು. ಅಕ್ಕ ಮಾತ್ರ ಒಂದು ವರ್ಷ ಇಟ್ಟುಕೊಂಡು, ನಡುನಡುವೆ 'ಊಟ ಆತೇನು' ಎಂದು ಕೇಳುತ್ತಾ ಬಂದಿದ್ದಳು.

"ಅವತ್ತೇ ಯಾಕ ಬೈಲಿಲ್ಲ? ಬೈದಿದ್ರ ನಾ ಅತ್ತು, ಕಾಲು ಹಿಡಕೊಂಡು, ಅಲ್ಲಿಗೇ ಮುಗಸ್ತಿದ್ದೆ. ಒಂದು ಮಾತಿಗೆ ಇಷ್ಟು ಶಿಕ್ಷೆ ಕೊಡಾಕತ್ತೀಯಲ್ಲ!"

"ಶಿಕ್ಷೆ ಅಲ್ಲವ್ವ. ನಿನಗ ತ್ರಾಸ ಆಗಬಾರದು ಅಂತ."

"ಅದ ಶಿಕ್ಷೆ! ಅದಕ್ಕಿಂತ ಕಪಾಳಕ್ಕ ಹೊಡೀಬೇಕಿತ್ತು." ನಮ್ರತಾ ಕಾರಿನ ಕೀ ಎತ್ತಿಕೊಂಡಳು. "ಆರು ತಾಸಿನ ದಾರಿ. ಸಂಜಿಗೆ ಬರ್ತೀನಿ."

"ಬರಬ್ಯಾಡ. ಸೋಮವಾರ ನಿನ್ನ..."

"ನೀ ಕರೀಲಿಲ್ಲ ಅಂದ್ರ ನಾ ಬರಬಾರದೇನು?"

"ನಾ ಆರಾಮ ಅದೀನಿ, ನಮ್ಮು."

ನಮ್ರತಾ ಹೆಡ್‌ಸೆಟ್ ಕಿತ್ತು ಸೋಫಾದ ಮೇಲೆ ಎಸೆದಳು. ಬಾಗಿಲ ಬಳಿ ಕುಕ್ಕರಿಸಿ ಶೂ ಎಳೆದುಕೊಂಡಳು. ಸಿಟ್ಟಿನಲ್ಲಿ ಎಳೆದ ಲೇಸು ಗಂಟುಬಿದ್ದಿತು. ಬಿಚ್ಚಲು ಹೋದಷ್ಟೂ ಅದು ಬಿಗಿಯಿತು.

ಟಿವಿಯಲ್ಲಿ ಕಬ್ಬಿಣದ ಬಾಗಿಲು ಹಾಕಿಯೇ ಇತ್ತು. ನಾಲ್ವರ ಗೆರೆಯೂ ಹಸಿರಾಗಿತ್ತು. ಒಳಗೆ ಒಂದು ಜೋಂಬಿಯೂ ಇರಲಿಲ್ಲ. ಅಕ್ಕನ ಬೊಂಬೆ ತಡವರಿಸುತ್ತಾ, ನಿಂತು ನಿಂತು, ನಮ್ರತಾಳ ಬೊಂಬೆಯ ಕಡೆ ತಿರುಗಿತು.

ಆಮೇಲೆ ಟಿವಿಯೊಳಗಿಂದ 'ಹೆಲ್ಪ್ ಮೀ' ಎಂದು ಕಿರುಚಿತು.

ಅಭಿನವ ಹೆಂಡತಿಯ ಮುಖ ನೋಡಿದ. ನಮ್ರತಾಳ ಕೈ ಲೇಸಿನ ಮೇಲೆ ನಿಂತಿತು.

ಬೊಂಬೆ ಇನ್ನೊಂದು ಸಲ ಕಿರುಚಿತು.